ಕಾಫಿ ಕಣದ ಕ್ಯಾಲೆಂಡರಿಗೂ ಮಾರ್ಚ್ 31ಕ್ಕೂ ಹೊಂದುವುದಿಲ್ಲ: ಹಾಸನ–ಚಿಕ್ಕಮಗಳೂರಿನ ಸಂಶೋಧನಾ ಕೇಂದ್ರಕ್ಕಾಗಿ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು ಹಾಗೂ ಮಾನ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವರು, ಕರ್ನಾಟಕ ಸರ್ಕಾರ
ಮಾನ್ಯ ಕುಲಪತಿಗಳು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಬೆಳಗಾವಿ

ಮಾನ್ಯರೇ,

ಹಾಸನದಲ್ಲಿ ಮುಖ್ಯ ಪ್ರಯೋಗಾಲಯ, ಚಿಕ್ಕಮಗಳೂರಿನಲ್ಲಿ ಕ್ಷೇತ್ರ ಘಟಕ ಇರುವಂತೆ ಒಂದು ಎಂಜಿನಿಯರಿಂಗ್ ಸಂಶೋಧನಾ ಕೇಂದ್ರವನ್ನು ಮಂಜೂರು ಮಾಡಿ, ಅದಕ್ಕೆ ಹತ್ತು ವರ್ಷಗಳ ಅನುದಾನವನ್ನು ಮೊದಲೇ ನಿಶ್ಚಯಿಸಬೇಕೆಂದು ಕೋರುತ್ತಿದ್ದೇವೆ. ಕೇಂದ್ರದ ವಿಷಯ ಒಂದೇ: ಕೊಯ್ಲಾದ ನಂತರದ ಕಾಫಿ. ಅಂದರೆ ಅದನ್ನು ಒಣಗಿಸುವ ಯಂತ್ರ, ತೇವಾಂಶದ ಅಳತೆ, ಪಲ್ಪಿಂಗ್ (ಹಣ್ಣಿನ ಸಿಪ್ಪೆ ತೆಗೆಯುವ) ನೀರಿನ ಶುದ್ಧೀಕರಣ. ಹೊಸ ಕಟ್ಟಡ ಬೇಡ. ಒಟ್ಟು ವೆಚ್ಚ ಸುಮಾರು 15 ಕೋಟಿ ರೂಪಾಯಿ, ವರ್ಷಕ್ಕೆ ಸರಾಸರಿ ಒಂದೂವರೆ ಕೋಟಿ.

ಮೊತ್ತಕ್ಕಿಂತ ಅವಧಿಯ ಬಗ್ಗೆ ನಮಗೆ ಹೆಚ್ಚು ಹೇಳಬೇಕಾಗಿದೆ. ಈಗ ಕಾಲೇಜುಗಳಿಗೆ ಸಿಗುವ ಸಂಶೋಧನಾ ಯೋಜನೆಗಳು ಸಾಮಾನ್ಯವಾಗಿ ಎರಡು–ಮೂರು ವರ್ಷದವು. ಅರೇಬಿಕಾ ಕೊಯ್ಲು ನವೆಂಬರ್‌ನಲ್ಲಿ ಶುರುವಾಗುತ್ತದೆ, ರೊಬಸ್ಟಾ ಫೆಬ್ರವರಿ ದಾಟುತ್ತದೆ. ಒಂದು ಡ್ರೈಯರ್‌ನ ಮಾದರಿಯನ್ನು ನಿಜವಾದ ಕಾಫಿಯ ಮೇಲೆ ಪರೀಕ್ಷಿಸಲು ವರ್ಷಕ್ಕೆ ಇರುವುದು ಇದೊಂದೇ ಅವಕಾಶ. ಅಕ್ಟೋಬರ್‌ನಲ್ಲಿ ಮಂಜೂರಾತಿ ಪತ್ರ ಬಂದು, ಜನವರಿಯಲ್ಲಿ ಹಣ ಬಂದರೆ ಟೆಂಡರ್ ಮುಗಿಯುವುದು ಮಾರ್ಚ್‌ನಲ್ಲಿ. ಯಂತ್ರ ಬಂದು ಇಳಿಯುವಾಗ ಮುಂಗಾರು. ಮೊದಲ ಹಂಗಾಮು ಹೋಯಿತು. ಎರಡನೇ ಹಂಗಾಮಿನಲ್ಲಿ ಯಂತ್ರದ ದೋಷಗಳು ಕಾಣಿಸುತ್ತವೆ, ಮೂರನೆಯದರಲ್ಲಿ ಅವುಗಳನ್ನು ಸರಿಪಡಿಸಿ ನೋಡಬಹುದು. ಬೆಳೆಗಾರರ ಕಣದಲ್ಲಿಟ್ಟು ಅವರ ಕೈಯಲ್ಲೇ ಓಡಿಸಿ ನೋಡಬೇಕಾದ ನಾಲ್ಕನೇ ಹಂಗಾಮು ಬರುವ ಹೊತ್ತಿಗೆ ಯೋಜನೆ ಮುಗಿದಿರುತ್ತದೆ, ಸಂಶೋಧನಾ ವಿದ್ಯಾರ್ಥಿ ಬೇರೆ ಕೆಲಸಕ್ಕೆ ಹೋಗಿರುತ್ತಾನೆ. ವರದಿ ಸಲ್ಲಿಕೆಯಾಗುತ್ತದೆ, ಯಂತ್ರ ಶೆಡ್ಡಿನ ಮೂಲೆ ಸೇರುತ್ತದೆ. ಇದರಲ್ಲಿ ಯಾರೊಬ್ಬರ ಸೋಮಾರಿತನವೂ ಇಲ್ಲ. ಅನುದಾನದ ಅವಧಿಯನ್ನು ನಿಗದಿ ಮಾಡುವಾಗ ಬೆಳೆಯ ಅವಧಿಯನ್ನು ಯಾರೂ ಕೇಳಿಲ್ಲ, ಅಷ್ಟೇ.

ಡ್ರೈಯರ್ ಎಂದರೆ ಬಿಸಿಗಾಳಿ ಊದುವ ಪೆಟ್ಟಿಗೆ ತಾನೇ, ಇದರಲ್ಲಿ ಹತ್ತು ವರ್ಷ ಸಂಶೋಧಿಸುವುದೇನಿದೆ ಎಂಬ ಪ್ರಶ್ನೆ ಕಡತದ ಮೇಲೆ ಬರಬಹುದು. ಅದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇವೆ.

ಪಲ್ಪ್ ಮಾಡಿ ತೊಳೆದ, ಒಳಸಿಪ್ಪೆ ಇನ್ನೂ ಉಳಿದಿರುವ ಬೀಜವಾದ ಪಾರ್ಚ್ಮೆಂಟ್‌ನಲ್ಲಿ ಶೇಕಡ 53ರ ಆಸುಪಾಸು ತೇವಾಂಶ ಇರುತ್ತದೆ. ಕಾಫಿ ಮಂಡಳಿಯ ಮಾನದಂಡದಂತೆ ಅದು ಶೇಕಡ 10ಕ್ಕೆ ಇಳಿಯಬೇಕು. ಒಂದು ಟನ್ ಹಸಿ ಪಾರ್ಚ್ಮೆಂಟ್ ತೆಗೆದುಕೊಂಡರೆ ಅದರಲ್ಲಿ ಒಣ ಪದಾರ್ಥ 470 ಕಿಲೋ. ಒಣಗಿದ ಮೇಲೆ ತೂಕ 522 ಕಿಲೋ. ಹೊರಹೋಗಬೇಕಾದ ನೀರು 478 ಕಿಲೋ. ಕಿಲೋ ನೀರನ್ನು ಆವಿಯಾಗಿಸಲು ಸುಮಾರು 2.4 ಮೆಗಾಜೂಲ್ ಬೇಕಾದ್ದರಿಂದ ಕನಿಷ್ಠ 1,150 ಮೆಗಾಜೂಲ್ ಶಾಖ ಬೇಕು. ಸೌದೆಯ ಡ್ರೈಯರ್‌ನ ದಕ್ಷತೆ ಶೇಕಡ 40 ಎಂದಿಟ್ಟುಕೊಂಡರೆ, ಕಿಲೋಗೆ 15 ಮೆಗಾಜೂಲ್ ಕೊಡುವ ಒಣ ಸೌದೆ 190 ಕಿಲೋ ಉರಿಯಬೇಕು. ದಕ್ಷತೆಯನ್ನು ಶೇಕಡ 60ಕ್ಕೆ ಏರಿಸಿದರೆ 127 ಕಿಲೋ ಸಾಕು. ಒಂದು ಟನ್ನಿಗೆ 60 ಕಿಲೋಗಿಂತ ಹೆಚ್ಚು ಸೌದೆ ಉಳಿಯುತ್ತದೆ ಎಂದರೆ ತೋಟದ ನೆರಳಿನ ಮರಗಳ ಮೇಲಿನ ಕೊಡಲಿ ಅಷ್ಟು ಕಡಿಮೆಯಾಗುತ್ತದೆ.

ಲೆಕ್ಕ ಸುಲಭ, ಕೆಲಸ ಸುಲಭವಲ್ಲ. ಪಾರ್ಚ್ಮೆಂಟ್ ಬೀಜದ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟಬಾರದು, ದಾಟಿದರೆ ರುಚಿ ಕೆಡುತ್ತದೆ. ಹಾಗಾಗಿ ಬೇಗ ಒಣಗಲೆಂದು ಉರಿ ಹೆಚ್ಚಿಸುವಂತಿಲ್ಲ. ಗಾಳಿಯ ಪ್ರಮಾಣ ಹೆಚ್ಚಿಸಬೇಕು. ಗಾಳಿ ಹೆಚ್ಚಿಸಿದರೂ ಪದರದ ಕೆಳಗಿನ ಬೀಜ ಶೇಕಡ 8ಕ್ಕೆ ಇಳಿದಾಗಲೂ ಮೇಲಿನದು ಶೇಕಡ 14ರಲ್ಲೇ ಇರಬಹುದು. ಎರಡನ್ನೂ ಬೆರೆಸಿ ಮೀಟರಿಗೆ ಹಾಕಿದರೆ ಮಾಯಿಶ್ಚರ್ ಸರಿಯಾಗಿಯೇ ತೋರಿಸುತ್ತದೆ. ಆದರೆ ಚೀಲದೊಳಗೆ ಒದ್ದೆ ಬೀಜದ ಸುತ್ತ ಬೂಷ್ಟು ಹಿಡಿಯುತ್ತದೆ, ಅತಿ ಒಣಗಿದ ಬೀಜ ಒಳಸಿಪ್ಪೆ ತೆಗೆಯುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಒಡೆದು ಔಟ್‌ಟರ್ನ್ (ಕೈಗೆ ಸಿಗುವ ಒಳ್ಳೆಯ ಬೀಜದ ಪಾಲು) ಕುಸಿಯುತ್ತದೆ. ಬೆಳೆಗಾರರ ಕೈಯಲ್ಲಿರುವ ಮೀಟರ್‌ಗಳು ಬಹುಪಾಲು ಕೆಪ್ಯಾಸಿಟೆನ್ಸ್ ಮಾದರಿಯವು. ಅರೇಬಿಕಾಗೆ ಹೊಂದಿಸಿದ್ದು ರೊಬಸ್ಟಾಗೆ ಹೊಂದುವುದಿಲ್ಲ, ಬಿಸಿ ಬೀಜ ಹಾಕಿದರೆ ತಪ್ಪು ಓದುತ್ತದೆ. ಅವನ್ನು ಸರಿಹೊಂದಿಸಲು ಹಸಿರು (ಹುರಿಯದ) ಬೀಜವನ್ನು 105 ಡಿಗ್ರಿ ಓವನ್‌ನಲ್ಲಿ 16 ಗಂಟೆ ಇಟ್ಟು ತೂಗುವ ಅಂತಾರಾಷ್ಟ್ರೀಯ ಪದ್ಧತಿ ಇದೆ. ಒಂದು ಒಳ್ಳೆಯ ಓವನ್, ಮಿಲಿಗ್ರಾಂ ತಕ್ಕಡಿ, ಪ್ರತಿದಿನ ಅದನ್ನೇ ಮಾಡುವ ಒಬ್ಬ ತಂತ್ರಜ್ಞ ಇದ್ದರೆ ಎರಡು ಜಿಲ್ಲೆಯ ಮೀಟರ್‌ಗಳನ್ನೆಲ್ಲ ಹಂಗಾಮಿಗೆ ಮೊದಲು ಸರಿಹೊಂದಿಸಿ ಕೊಡಬಹುದು. ಕೇಂದ್ರದ ಮೊದಲ ವರ್ಷದ ಕೆಲಸ ಇದೇ ಆಗಲಿ ಎನ್ನುತ್ತೇವೆ, ಏಕೆಂದರೆ ಇದಕ್ಕೆ ಯಾವ ದೊಡ್ಡ ಯಂತ್ರವೂ ಬೇಕಿಲ್ಲ.

ಡ್ರೈಯರ್ ಹಾಳಾಗುವ ಬಗೆಯೂ ಮಲೆನಾಡಿನದೇ. ಸೌದೆಯ ಹೊಗೆಯನ್ನೂ ಒಣಗಿಸುವ ಗಾಳಿಯನ್ನೂ ಬೇರೆಯಿಡುವ ಶಾಖ ವಿನಿಮಯ ಕೊಳವೆಗಳು ಮೂರು ತಿಂಗಳು ಉರಿಯುತ್ತವೆ, ಒಂಬತ್ತು ತಿಂಗಳು ಸುಮ್ಮನಿರುತ್ತವೆ. ಒಳಗೆ ಅಂಟಿದ ಮಸಿ ಮಳೆಗಾಲದ ತೇವ ಹೀರಿ ಆಮ್ಲೀಯವಾಗುತ್ತದೆ, ಸಾದಾ ಉಕ್ಕನ್ನು ಒಳಗಿನಿಂದಲೇ ತಿನ್ನುತ್ತದೆ. ಹೊರಗೆ ಏನೂ ಕಾಣದು. ಮುಂದಿನ ಡಿಸೆಂಬರ್‌ನಲ್ಲಿ ಸೂಜಿಮೊನೆಯಷ್ಟು ರಂಧ್ರದಿಂದ ಹೊಗೆ ಸೇರಿ ಇಡೀ ಲಾಟ್‌ಗೆ ಹೊಗೆ ವಾಸನೆ ಬಂದಾಗಲೇ ಗೊತ್ತಾಗುವುದು. ಯಾವ ದರ್ಜೆಯ ಉಕ್ಕು, ಎಷ್ಟು ದಪ್ಪ, ಹಂಗಾಮು ಮುಗಿದ ಮೇಲೆ ಮಸಿ ತೆಗೆಯುವ ಯಾವ ಕ್ರಮ ಎಂಬುದನ್ನು ನಿರ್ಧರಿಸಲು ಒಂದೇ ಕೊಳವೆಗಳನ್ನು ನಾಲ್ಕೈದು ಮಳೆಗಾಲ ದಾಟಿಸಿ, ಪ್ರತಿ ವರ್ಷ ಗೋಡೆಯ ದಪ್ಪವನ್ನು ಅಲ್ಟ್ರಾಸಾನಿಕ್ ಮಾಪಕದಿಂದ ಅಳೆಯಬೇಕು. ಮೂರು ವರ್ಷದ ಯೋಜನೆಯಲ್ಲಿ ಈ ಪ್ರಯೋಗವನ್ನು ಬರೆಯುವುದಕ್ಕೂ ಆಗದು.

ವಿದ್ಯುತ್ ಹೀಟ್‌ಪಂಪ್ ಡ್ರೈಯರ್ ಸೌದೆಗೆ ಪರ್ಯಾಯ ಎನ್ನುವವರಿದ್ದಾರೆ. ಅದು ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ ಶಾಖ ಕೊಡಬಲ್ಲದು, ನಿಜ. ಆದರೆ ತೋಟದ ಲೈನಿನಲ್ಲಿ ಮೂರು ಫೇಸ್ ಕರೆಂಟ್ ಎಷ್ಟು ಹೊತ್ತು ಇರುತ್ತದೆ, ವೋಲ್ಟೇಜ್ ಎಷ್ಟು ಕುಸಿಯುತ್ತದೆ ಎಂಬುದನ್ನು ಒಂದು ಇಡೀ ಹಂಗಾಮು ದಾಖಲಿಸದೆ ಕಂಪ್ರೆಸರ್‌ನ ಗಾತ್ರ ನಿರ್ಧರಿಸುವುದು ಬರೀ ಊಹೆ. ವಿದ್ಯುತ್ ಕೊಡುವ ಕಂಪನಿ ಹಾಸನಕ್ಕೆ ಸೆಸ್ಕ್, ಚಿಕ್ಕಮಗಳೂರಿಗೆ ಮೆಸ್ಕಾಂ. ಎರಡೂ ಕಡೆ ಬೇರೆ ಬೇರೆಯಾಗಿ ಅಳೆಯಬೇಕು.

ಇದು ಬೆಳೆಗಾರರ ಹಣದ ಪ್ರಶ್ನೆ. ದೇಶದ ಕಾಫಿಯಲ್ಲಿ ಸುಮಾರು ಶೇಕಡ 70ರಷ್ಟನ್ನು ಕರ್ನಾಟಕ ಬೆಳೆಯುತ್ತದೆ, ದೇಶದ ಕಾಫಿಯ ಬಹುಪಾಲು ರಫ್ತಾಗುತ್ತದೆ, ಇಟಲಿ ಮತ್ತು ಜರ್ಮನಿ ದೊಡ್ಡ ಗ್ರಾಹಕರು. ಬೂಷ್ಟಿನಿಂದ ಹುಟ್ಟುವ ಓಕ್ರಟಾಕ್ಸಿನ್-ಎ ಎಂಬ ವಿಷಕ್ಕೆ ಯುರೋಪಿಯನ್ ಒಕ್ಕೂಟ 2023ರ ಜನವರಿಯಿಂದ ಮಿತಿ ಬಿಗಿ ಮಾಡಿದೆ: ಹುರಿದ ಕಾಫಿಯಲ್ಲಿ ಕಿಲೋಗೆ 5 ಮೈಕ್ರೋಗ್ರಾಂ ಇದ್ದದ್ದು 3ಕ್ಕೆ ಇಳಿಯಿತು. ಡಿಸೆಂಬರ್–ಜನವರಿಯ ಅಕಾಲಿಕ ಮಳೆಯಲ್ಲಿ ಟಾರ್ಪಾಲಿನ ಅಡಿ ಎರಡು ದಿನ ಬೆವರಿದ ಚೆರಿಗೆ (ಇಡಿಯಾಗಿ ಒಣಗಿಸುವ ಹಣ್ಣಿಗೆ) ಈ ಮಿತಿ ಏನು ಮಾಡುತ್ತದೆಂದು ಕಣ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ದೊಡ್ಡ ಎಸ್ಟೇಟಿಗೆ ಯಂತ್ರವಿದೆ, ಗೋದಾಮಿದೆ. ಐದು ಎಕರೆಯವರಿಗೆ ಕಣ ಮತ್ತು ಬಿಸಿಲು ಎರಡೇ. ಅವರಿಗೆ ಹೊಂದುವ, ಅರ್ಧ ಟನ್ ಹಿಡಿಯುವ, ನಾಲ್ಕೈದು ಮನೆಯವರು ಸರದಿಯಲ್ಲಿ ಬಳಸಬಹುದಾದ ಡ್ರೈಯರ್‌ನ ವಿನ್ಯಾಸ ಮಾಡಿಕೊಡುವುದಕ್ಕೇ ಸರ್ಕಾರದ ಹಣ ಬೇಕಾಗಿರುವುದು. ಕಂಪನಿಗಳಿಗೆ ಇದರಲ್ಲಿ ಲಾಭ ಕಡಿಮೆ.

ಹಣ ಬರುವ ಸಮಯ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಈ ವಿಷದ ಪರೀಕ್ಷೆಯೇ ಉದಾಹರಣೆ. ಮಾದರಿಯನ್ನು ವಿಷದ ಪ್ರಮಾಣ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಹಾಕುವ ಮೊದಲು ಇಮ್ಯೂನೋ ಅಫಿನಿಟಿ ಕಾಲಂ ಎಂಬ ಸಣ್ಣ ನಳಿಕೆಯಲ್ಲಿ ಹಾಯಿಸಿ ಶುದ್ಧ ಮಾಡಬೇಕು. ಒಂದು ಮಾದರಿಗೆ ಒಂದು ಕಾಲಂ, ಬಳಸಿ ಎಸೆಯುವಂಥದ್ದು. ಫ್ರಿಜ್‌ನಲ್ಲಿಟ್ಟರೂ ಅದರ ಆಯುಸ್ಸು ಹೆಚ್ಚೆಂದರೆ ವರ್ಷ, ಒಂದೂವರೆ ವರ್ಷ. ಫೆಬ್ರವರಿಯಲ್ಲಿ ಬಂದ ಹಣವನ್ನು ಮಾರ್ಚ್ 31ರೊಳಗೆ ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಕೊಡಬೇಕೆಂದು ಮಾರ್ಚ್‌ನಲ್ಲೇ ಎಲ್ಲವನ್ನೂ ಕೊಂಡರೆ, ಮುಂದಿನ ಹಣ್ಣು ಬರುವ ಹೊತ್ತಿಗೆ ಆಯುಸ್ಸಿನ ಅರ್ಧದಿಂದ ಮುಕ್ಕಾಲು ಭಾಗ ಫ್ರಿಜ್‌ನಲ್ಲೇ ಕಳೆದಿರುತ್ತದೆ. ನಾವು ಕೇಳುವುದು ಇಷ್ಟು: ಈ ಕೇಂದ್ರದ ಮಟ್ಟಿಗೆ ಖರ್ಚಾಗದ ಹಣ ಮಾರ್ಚ್‌ನಲ್ಲಿ ಹಿಂದಕ್ಕೆ ಹೋಗದೆ ಮುಂದಿನ ವರ್ಷಕ್ಕೆ ಸಾಗಲಿ, ಕಂತುಗಳು ಜೂನ್ ಮತ್ತು ಅಕ್ಟೋಬರ್‌ನಲ್ಲಿ ಬರಲಿ.

ಪಲ್ಪಿಂಗ್ ನೀರಿನ ಕಥೆಯೂ ಹಂಗಾಮಿನದೇ. ತೊಳೆದ ನೀರಿನಲ್ಲಿ ಸಕ್ಕರೆ, ಪೆಕ್ಟಿನ್ ತುಂಬಿರುತ್ತವೆ. ಹುಳಿತು, ಆಮ್ಲತೆಯ ಅಳತೆಯಾದ ಪಿಎಚ್ ನಾಲ್ಕರ ಹತ್ತಿರಕ್ಕೆ ಇಳಿಯುತ್ತದೆ. ನೀರಿನ ಕೊಳೆಯನ್ನು ಅಳೆಯುವ ಬಿಒಡಿ ಲೀಟರಿಗೆ ಸಾವಿರಾರು ಮಿಲಿಗ್ರಾಂ ಇರುತ್ತದೆ. ಹೊಳೆಗೆ ಬಿಡುವ ನೀರಿಗೆ ಸಾಮಾನ್ಯ ಮಿತಿ 30 ಮಿಲಿಗ್ರಾಂ. ಬಯೋಗ್ಯಾಸ್ ತೊಟ್ಟಿ ಕಟ್ಟಿದರೆ ಆಯಿತಲ್ಲ ಎನ್ನಬಹುದು. ಮೀಥೇನ್ ಮಾಡುವ ಸೂಕ್ಷ್ಮಜೀವಿಗಳಿಗೆ ಪಿಎಚ್ ಏಳರ ಆಸುಪಾಸು ಬೇಕು. ಸಕ್ಕರೆ ನೀರು ಒಮ್ಮೆಲೇ ಸುರಿದರೆ ಆಮ್ಲ ಏರಿ ತೊಟ್ಟಿ ಸತ್ತುಹೋಗುತ್ತದೆ. ಮತ್ತೆ ಚುರುಕಾಗಲು ವಾರಗಟ್ಟಲೆ ಬೇಕು, ಅಷ್ಟರಲ್ಲಿ ಪಲ್ಪಿಂಗ್ ಮುಗಿದಿರುತ್ತದೆ. ಉಳಿದ ಒಂಬತ್ತು ತಿಂಗಳು ಸಗಣಿಯನ್ನೋ ಬೇರೆ ತ್ಯಾಜ್ಯವನ್ನೋ ಹಾಕಿ ತೊಟ್ಟಿಯನ್ನು ಜೀವಂತ ಇಡುವ, ಸುಣ್ಣದ ಪ್ರಮಾಣವನ್ನು ಪಿಎಚ್ ನೋಡಿ ತಾನೇ ಸೇರಿಸುವ ಅಗ್ಗದ ವ್ಯವಸ್ಥೆಯೇ ಇಲ್ಲಿಯ ಎಂಜಿನಿಯರಿಂಗ್ ಸಮಸ್ಯೆ.

ಹಾಸನದ ಆಲೂಗಡ್ಡೆಯನ್ನು ಏಕೆ ಸೇರಿಸಿಲ್ಲ ಎಂದು ಜಿಲ್ಲೆಯವರು ಕೇಳುತ್ತಾರೆ. ಜಲಂಧರ್‌ನಿಂದ ಬರುವ ಬಿತ್ತನೆ ಗೆಡ್ಡೆ, ಅಂಗಮಾರಿ ರೋಗ, ಶೈತ್ಯಾಗಾರ ಎಲ್ಲವೂ ನಿಜವಾದ ಸಮಸ್ಯೆಗಳೇ. ಆದರೆ ಒಂದು ಕೇಂದ್ರಕ್ಕೆ ಐದು ವಿಷಯ ಕೊಟ್ಟರೆ ಐದು ಅರೆಬರೆ ಪ್ರಯೋಗಾಲಯಗಳಾಗುತ್ತವೆ. ಆಲೂಗಡ್ಡೆಗೆ ಬೇರೆಯೇ ಕೇಂದ್ರ ಬೇಕು, ಅದನ್ನು ಬೇರೆಯೇ ಕೇಳಬೇಕು.

ಇನ್ನು ಈ ಸುಮಾರು 15 ಕೋಟಿಯ ಲೆಕ್ಕ. ಮೊದಲ ಎರಡು ವರ್ಷದ ಉಪಕರಣಗಳಿಗೆ ತೆರಿಗೆ ಸೇರಿ 3 ಕೋಟಿ. ತೆರಿಗೆಯನ್ನು ಬೇರೆಯಾಗಿ ಹೇಳಲು ಕಾರಣವಿದೆ: ಸಂಶೋಧನಾ ಸಂಸ್ಥೆಗಳಿಗಿದ್ದ ಶೇಕಡ 5ರ ಜಿಎಸ್‌ಟಿ ರಿಯಾಯಿತಿ 2022ರ ಜುಲೈ 18ರಿಂದ ರದ್ದಾಗಿದ್ದು, ಶೇಕಡ 18ರ ದರ ಅನ್ವಯವಾಗುವ ಒಂದು ಕೋಟಿಯ ಯಂತ್ರಕ್ಕೆ 18 ಲಕ್ಷ ಬರೀ ತೆರಿಗೆಗೇ ಹೋಗುತ್ತದೆ. ಹಳೆಯ ದರ ಹಿಡಿದು ಮಂಜೂರು ಮಾಡಿದರೆ ಕೊನೆಗೆ ಯುಪಿಎಸ್, ಬಿಡಿಭಾಗ ಕೈಬಿಡಬೇಕಾಗುತ್ತದೆ. ಆರನೇ ವರ್ಷ ಸವೆದ ಉಪಕರಣ ಬದಲಿಸಲು 75 ಲಕ್ಷ. ವಾರಂಟಿ ಮುಗಿಯುವ ನಾಲ್ಕನೇ ವರ್ಷದಿಂದ ನಿರ್ವಹಣೆಗೆ ವರ್ಷಕ್ಕೆ 20 ಲಕ್ಷದಂತೆ 1.40 ಕೋಟಿ. ಈಗಿರುವ ಕಟ್ಟಡದಲ್ಲಿ ವೈರಿಂಗ್, ಅರ್ತಿಂಗ್, ಸಿಡಿಲು ರಕ್ಷಣೆ, ಹವಾನಿಯಂತ್ರಣಕ್ಕೆ 60 ಲಕ್ಷ. ಏಪ್ರಿಲ್–ಮೇ ಗುಡುಗುಮಳೆಗೆ ಸೆನ್ಸರ್ ಬೋರ್ಡ್‌ಗಳು ಸುಟ್ಟುಹೋಗುವ ಊರಿನಲ್ಲಿ ಈ ಖರ್ಚು ಉಳಿಸುವುದು ಉಳಿತಾಯವಲ್ಲ. ಆರು ಸಂಶೋಧನಾ ವಿದ್ಯಾರ್ಥಿಗಳಿಗೆ ಹತ್ತು ವರ್ಷಕ್ಕೆ 3 ಕೋಟಿ, ಕೇಂದ್ರ ಸರ್ಕಾರದ ದರದಂತೆ ಮೊದಲು ತಿಂಗಳಿಗೆ 37,000, ನಂತರ 42,000 ರೂಪಾಯಿ ಮತ್ತು ಮನೆ ಬಾಡಿಗೆ ಲೆಕ್ಕದಲ್ಲಿ. ಬಳಕೆ ಸಾಮಗ್ರಿ ಮತ್ತು ಕಣದ ಪರೀಕ್ಷೆಗಳಿಗೆ ಒಂದೂವರೆ ಕೋಟಿ. ಸ್ಥಳೀಯ ಫ್ಯಾಬ್ರಿಕೇಶನ್ ಶೆಡ್‌ಗಳಲ್ಲಿ ಮಾದರಿ ಮಾಡಿಸಲು 50 ಲಕ್ಷ.

ಎಲ್ಲಕ್ಕಿಂತ ದೊಡ್ಡ ಬಾಬು ಸಂಬಳ: 4.20 ಕೋಟಿ. ಒಬ್ಬ ಕೇಂದ್ರ ಎಂಜಿನಿಯರ್, ಇಬ್ಬರು ಪ್ರಯೋಗಾಲಯ ತಂತ್ರಜ್ಞರು, ಒಬ್ಬ ಮೆಷಿನಿಸ್ಟ್, ಬೆಳೆಗಾರರು ಮತ್ತು ಕಾರ್ಯಾಗಾರಗಳ ನಡುವೆ ಓಡಾಡುವ ಒಬ್ಬ ಅಧಿಕಾರಿ. ಮೊದಲ ವರ್ಷ 34 ಲಕ್ಷ, ಆಮೇಲೆ ವರ್ಷಕ್ಕೆ ಶೇಕಡ 4.5ರ ಏರಿಕೆ. ಕಡತದಲ್ಲಿ ಮೊದಲು ಕತ್ತರಿ ಬೀಳುವುದು ಈ ಸಾಲಿಗೆ ಎಂದು ನಮಗೆ ಗೊತ್ತು. ದಯವಿಟ್ಟು ಬೇರೆ ಯಾವುದನ್ನಾದರೂ ಕತ್ತರಿಸಿ, ಇದನ್ನಲ್ಲ. ಬೇಕಿದ್ದರೆ ಉಪಕರಣವನ್ನು 2 ಕೋಟಿಗೆ ಇಳಿಸಿ. ಅಧ್ಯಾಪಕರಿಗೆ ಪಾಠ, ಪರೀಕ್ಷೆ, ಮೌಲ್ಯಮಾಪನ, ಮಾನ್ಯತೆ ಸಮಿತಿಯ ಕಡತ ಇರುತ್ತವೆ. ಡಿಸೆಂಬರ್–ಜನವರಿಯಲ್ಲಿ ಕಾಫಿ ಕಣದಲ್ಲಿರುವಾಗಲೇ ಸೆಮಿಸ್ಟರ್ ಪರೀಕ್ಷೆಗಳೂ ಬರುತ್ತವೆ. ರಾತ್ರಿ ಎರಡಕ್ಕೆ ಡ್ರೈಯರ್‌ನ ಮಾದರಿ ತೆಗೆಯುವವರು, ಎಚ್‌ಪಿಎಲ್‌ಸಿ ಪಂಪಿನ ಸೀಲ್ ಬದಲಿಸುವವರು ಕಾಯಂ ಆಗಿ ಇರಬೇಕು. ಹಾಸನದಲ್ಲಿ ಇಂಥ ಕೆಲಸ ನಡೆಯುವುದೇ ಎಂಬ ಅನುಮಾನ ಬೇಡ: ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋ ಕೇಂದ್ರ 1982ರಿಂದ ಇದೇ ಊರಿನಲ್ಲಿದೆ, ಅಲ್ಲಿ ಹಗಲೂ ರಾತ್ರಿಯೂ ಯಂತ್ರದ ಮುಂದೆ ತರಬೇತಾದ ಜನ ಇರುತ್ತಾರೆ. ತದ್ವಿರುದ್ಧ ಪಾಠವೂ ನಮ್ಮ ದೇಶದಲ್ಲೇ ಇದೆ. ಎಂಜಿನಿಯರಿಂಗ್ ಕಾಲೇಜುಗಳ ಗುಣಮಟ್ಟ ಸುಧಾರಿಸುವ ಕೇಂದ್ರ ಸರ್ಕಾರದ ಟೆಕಿಪ್ ಯೋಜನೆಯ ಮೂರನೇ ಹಂತದಲ್ಲಿ ಬೇರೆ ರಾಜ್ಯಗಳ ಕಾಲೇಜುಗಳಿಗೆ ನೇಮಿಸಿದ ಅಧ್ಯಾಪಕರು 2021ರಲ್ಲಿ ಯೋಜನೆ ಮುಗಿದಾಗ ಕೆಲಸ ಕಳೆದುಕೊಂಡರು.

ಖರೀದಿಯ ಬಗ್ಗೆ ಎರಡು ಮಾತು. 2025ರ ಜೂನ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯವು ವೈಜ್ಞಾನಿಕ ಸಂಸ್ಥೆಗಳು ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿಯನ್ನು 1 ಲಕ್ಷದಿಂದ 2 ಲಕ್ಷಕ್ಕೆ, ಖರೀದಿ ಸಮಿತಿಯ ಮೂಲಕ ಕೊಳ್ಳುವ ಮಿತಿಯನ್ನು 10 ಲಕ್ಷದಿಂದ 25 ಲಕ್ಷಕ್ಕೆ ಏರಿಸಿತು. ರಾಜ್ಯದ ಹಣಕ್ಕೆ ಸಾರ್ವಜನಿಕ ಖರೀದಿಯ 1999ರ ಪಾರದರ್ಶಕತೆ ಕಾಯ್ದೆ ಅನ್ವಯಿಸುವುದರಿಂದ, ಸಂಶೋಧನಾ ಖರೀದಿಗೆ ಅದರಡಿಯಲ್ಲೂ ಇದೇ ಮಿತಿಗಳನ್ನು ತರಬೇಕು. ಎರಡನೆಯದು ನಮ್ಮ ಕಡೆಯ ಕೆಲಸ: ಟೆಂಡರ್‌ನ ತಾಂತ್ರಿಕ ವಿವರ. ಬ್ಲೋವರ್ ಬೇಕೆಂದು ಗಂಟೆಗೆ ಇಷ್ಟು ಘನ ಮೀಟರ್ ಗಾಳಿ ಎಂದಷ್ಟೇ ಬರೆದರೆ, ತೆರೆದ ಬಾಯಿಯಲ್ಲಿ ಅಷ್ಟು ಊದುವ ಅಗ್ಗದ ಫ್ಯಾನ್ ಟೆಂಡರ್ ಗೆಲ್ಲುತ್ತದೆ. 30 ಸೆಂಟಿಮೀಟರ್ ಕಾಫಿ ಪದರದ ಅಡಿ ಇಟ್ಟಾಗ ಅದರ ಉಸಿರೇ ಕಟ್ಟುತ್ತದೆ. ಎಷ್ಟು ಮಿಲಿಮೀಟರ್ ನೀರಿನ ಸ್ಥಿರ ಒತ್ತಡದ ಎದುರು ಅಷ್ಟು ಗಾಳಿ ಎಂದು ಬರೆಯಬೇಕು, ಬಂದ ಮೇಲೆ ಅಳೆದು ನೋಡಿಯೇ ಹಣ ಕೊಡಬೇಕು. ಕೇಂದ್ರ ಎಂಜಿನಿಯರ್ ಇರಬೇಕಾದದ್ದು ಇದಕ್ಕೂ ಹೌದು.

ಹತ್ತು ವರ್ಷದ ಮಾದರಿ ನಮ್ಮ ಕಲ್ಪನೆಯಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 1985ರಲ್ಲಿ ಆರು ಎಂಜಿನಿಯರಿಂಗ್ ಸಂಶೋಧನಾ ಕೇಂದ್ರಗಳಿಂದ ಶುರುಮಾಡಿದ ಕಾರ್ಯಕ್ರಮ ಇಂದಿಗೂ ನಡೆಯುತ್ತಿದೆ. ಕೇಂದ್ರಕ್ಕೆ ಹತ್ತು ವರ್ಷದವರೆಗೆ ಹಣ, ನಡುವೆ ಕಠಿಣ ಪರಿಶೀಲನೆ, ಉದ್ಯಮಗಳ ಸದಸ್ಯತ್ವ, ಕೊನೆಗೆ ಪ್ರಯೋಗಾಲಯದ ಹೊರಗೆ ಓಡಿಸಿ ತೋರಿಸಬೇಕಾದ ಪರೀಕ್ಷಾ ವ್ಯವಸ್ಥೆ. 2020ರಲ್ಲಿ ಆಯ್ಕೆಯಾದ ನಾಲ್ಕು ಕೇಂದ್ರಗಳಿಗೆ ಮೊದಲ ಐದು ವರ್ಷಕ್ಕೆ ತಲಾ 2.6 ಕೋಟಿ ಡಾಲರ್ ನಿಗದಿಯಾಯಿತು. ಮೊದಲ ಆರರಲ್ಲಿದ್ದ ಮೇರಿಲ್ಯಾಂಡ್ ಮತ್ತು ಡೆಲವೇರ್ ವಿಶ್ವವಿದ್ಯಾಲಯಗಳ ಕೇಂದ್ರಗಳು ಆ ಹಣ ನಿಂತ ಮೇಲೂ ಉಳಿದಿವೆ. ಆದರೆ ಒಂದು ಅಂಶವನ್ನು ನಾವು ಹಾಗೆಯೇ ತರಬಾರದು. ಹತ್ತು ವರ್ಷದ ನಂತರ ಸರ್ಕಾರದ ಹಣ ಸೊನ್ನೆಯಾಗುವುದು ದೊಡ್ಡ ಉದ್ಯಮಗಳ ನಡುವಿನ ವಿಶ್ವವಿದ್ಯಾಲಯಕ್ಕೆ ಸರಿ. ಸಣ್ಣ ಬೆಳೆಗಾರರಿಗಾಗಿ ದುಡಿಯುವ ಕೇಂದ್ರ ಹಾಗೆ ಬದುಕದು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಗಳಿಗೆ ಬಜೆಟ್ಟಿನ ಸುಮಾರು ಮೂರನೇ ಒಂದು ಭಾಗ ಸರ್ಕಾರದಿಂದ ನಿರಂತರವಾಗಿ ಬರುತ್ತದೆ, ಉಳಿದದ್ದನ್ನು ಅವು ಗುತ್ತಿಗೆ ಸಂಶೋಧನೆಯಿಂದ ಗಳಿಸುತ್ತವೆ. ಹನ್ನೊಂದನೇ ವರ್ಷದಿಂದ ನಮಗೆ ಆ ಮೂರನೇ ಒಂದು ಭಾಗ ಸಾಕು.

ಕೇಂದ್ರ ಸರ್ಕಾರದ ಯೋಜನೆಗಳಿವೆಯಲ್ಲ ಎಂದರೆ, ಇವೆ. 2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಪೇರ್ ಯೋಜನೆ ದೊಡ್ಡ ಸಂಸ್ಥೆಯೊಂದಕ್ಕೆ ಸಣ್ಣವನ್ನು ಜೋಡಿಸುತ್ತದೆ. ಆದರೆ ಅದರ ಮೊದಲ ಕರೆಯಲ್ಲಿ ಜೋಡಣೆಗೆ ಅವಕಾಶವಿದ್ದದ್ದು ಕೇಂದ್ರ ಮತ್ತು ರಾಜ್ಯ ಸರ್ಕಾರಿ ವಿಶ್ವವಿದ್ಯಾಲಯಗಳು, ಆಯ್ದ ಎನ್‌ಐಟಿ, ಐಐಐಟಿಗಳಿಗೆ. 1960ರಿಂದ ಹಾಸನದಲ್ಲಿರುವ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಂಥವು, ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಸಂಸ್ಥೆಯಂಥವು, ಹಾಸನದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಂಥವು ತಾವಾಗಿಯೇ ಅದರ ಬಾಗಿಲು ತಟ್ಟುವಂತಿಲ್ಲ. ಕುಲಪತಿಗಳೇ, ವಿಟಿಯು ಮುಂದೆ ನಿಂತು ಈ ಕಾಲೇಜುಗಳನ್ನು ತನ್ನ ಹೆಸರಿನಲ್ಲಿ ಸೇರಿಸಿಕೊಳ್ಳಬಹುದು. 2025ರ ಜುಲೈನಲ್ಲಿ ಒಪ್ಪಿಗೆ ಪಡೆದ ಒಂದು ಲಕ್ಷ ಕೋಟಿಯ ಸಂಶೋಧನಾ ನಿಧಿ ಖಾಸಗಿ ವಲಯಕ್ಕೆ, ಅದೂ ತಂತ್ರಜ್ಞಾನ ಸಿದ್ಧತೆಯ ನಾಲ್ಕನೇ ಮಟ್ಟ (ಪ್ರಯೋಗಾಲಯದಲ್ಲಿ ಓಡಿಸಿ ತೋರಿಸಿದ ಹಂತ) ಮುಟ್ಟಿದ್ದಕ್ಕೆ. ಒಂದರಿಂದ ನಾಲ್ಕರವರೆಗೆ ಏರಿಸುವ ಕೆಲಸವನ್ನು ಇಲ್ಲಿಯೇ ಯಾರಾದರೂ ಮಾಡಬೇಕಲ್ಲವೇ? ದೇಶ ಸಂಶೋಧನೆಗೆ ಮಾಡುವ ವೆಚ್ಚ 2020–21ರಲ್ಲಿ ಜಿಡಿಪಿಯ ಶೇಕಡ 0.64 ಮಾತ್ರ. ಅದರಲ್ಲಿ ಜಿಲ್ಲೆಯ ಕಾಲೇಜಿನವರೆಗೆ ಹನಿಯುವುದು ಎಷ್ಟೆಂದು ತಾವೇ ಊಹಿಸಬಹುದು.

ಕೆಲಸವನ್ನು ಅಳೆಯುವುದಾದರೆ ಪೇಟೆಂಟ್ ಅರ್ಜಿಗಳನ್ನು ಎಣಿಸಬೇಡಿ. 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ ಶೇಕಡ 80ರ ರಿಯಾಯಿತಿ ಇರುವುದರಿಂದ 1,600 ರೂಪಾಯಿಗೆ ಅರ್ಜಿ ಹಾಕಬಹುದು. ಅರ್ಜಿ ಪ್ರಕಟವಾದದ್ದೇ ಸಾಧನೆಯಾಗಿಬಿಡುತ್ತದೆ. ಮೂರನೇ ವರ್ಷ ಸರಿಹೊಂದಿಸಿದ ಮೀಟರ್‌ಗಳೆಷ್ಟು, ಟನ್ನಿಗೆ ಸೌದೆ ಎಷ್ಟು ಇಳಿಯಿತು ಎಂದು ಕೇಳಿ. ಆರನೇ ವರ್ಷ ಎಷ್ಟು ಡ್ರೈಯರ್‌ಗಳು ಸತತ ಎರಡು ಹಂಗಾಮು ನಮ್ಮ ಸಹಾಯವಿಲ್ಲದೆ ಓಡಿದವು, ಚಿಕ್ಕಮಗಳೂರು, ಸಕಲೇಶಪುರ, ಮೂಡಿಗೆರೆಯ ಎಷ್ಟು ಶೆಡ್‌ಗಳು ನಮ್ಮ ನಕ್ಷೆಯಿಂದ ತಾವೇ ಮಾಡಿ ಮಾರುತ್ತಿವೆ ಎಂದು ಕೇಳಿ. ಉತ್ತರ ಸಾಲದಿದ್ದರೆ ಆರನೇ ವರ್ಷಕ್ಕೇ ನಿಲ್ಲಿಸಿ. ಪರಿಶೀಲನಾ ಸಮಿತಿಯಲ್ಲಿ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ, ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ತಜ್ಞರು ಇರಲಿ. ಇಬ್ಬರು ಸಣ್ಣ ಬೆಳೆಗಾರರೂ, ಒಬ್ಬ ಫ್ಯಾಬ್ರಿಕೇಟರೂ ಮತದಾನದ ಹಕ್ಕಿನೊಂದಿಗೆ ಇರಲಿ.

ಅರ್ಜಿ ಆಹ್ವಾನ ಮೇ ತಿಂಗಳಲ್ಲಿ ಹೊರಬಂದು, ಆಗಸ್ಟ್ ಕೊನೆಗೆ ಮೊದಲ ಕಂತು ತಲುಪಿದರೆ ಓವನ್, ತಕ್ಕಡಿ, ತಾಪ–ತೇವಾಂಶ ಲಾಗರ್‌ಗಳು, ವೋಲ್ಟೇಜ್ ರೆಕಾರ್ಡರ್‌ಗಳನ್ನು ನೇರ ಖರೀದಿಯ ಮಿತಿಯೊಳಗೇ ಕೊಂಡು ನವೆಂಬರ್‌ನ ಮೊದಲ ಹಣ್ಣಿನ ಹೊತ್ತಿಗೆ ಹತ್ತು ಕಣಗಳಲ್ಲಿ ಅಳತೆ ಶುರುಮಾಡಬಹುದು. ದೊಡ್ಡ ಉಪಕರಣಗಳ ಟೆಂಡರ್ ಆ ಹಂಗಾಮು ನಡೆಯುವಾಗಲೇ ಮುಗಿಯುತ್ತದೆ, ಅರ್ತಿಂಗ್ ಕೆಲಸ ಮಳೆಗೆ ಮೊದಲು ಆಗುತ್ತದೆ. ಮೊದಲ ಕಂತು ಅಕ್ಟೋಬರ್ ದಾಟಿ ಬಂದರೆ ಅಳತೆಗೆ ಮುಂದಿನ ನವೆಂಬರ್‌ವರೆಗೆ ಕಾಯಬೇಕಾಗುತ್ತದೆ.

ಇಂತಿ ತಮ್ಮ ವಿಶ್ವಾಸಿಗಳು,
ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಎಂಜಿನಿಯರಿಂಗ್ ಅಧ್ಯಾಪಕರು ಮತ್ತು ಪ್ರಯೋಗಾಲಯ ಸಿಬ್ಬಂದಿ